ಬೆಲೆ ತೆತ್ತ ಗಗನಯಾತ್ರೆ



2025ನೆಯ ಇಸವಿಯ ಜುಲೈ 4ರ ಅಪರಾಹ್ನ, ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳು, ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಪರಿಭ್ರಮಿಸುತ್ತಿದ್ದ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದೊಳಗಿನ ಭಾರತೀಯನೊಬ್ಬನೊಡನೆ ಹ್ಯಾಮ್ ರೇಡಿಯೋದ ಮೂಲಕ ಸಂಭಾಷಿಸಿದರು. ಹವ್ಯಾಸಿಗಳ ಆ ರೇಡಿಯೋ ಬಹಳ ಹಳೆಯದಾದ, ಬಹಳ ಸರಳವಾದ ಸಾಧನ. ನಿಲ್ದಾಣವಾದರೋ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿರುವುದರಿಂದ, ನೆಲದ ಮೇಲಣ ಯಾವುದೇ ಒಂದು ಆಂಟೆನಾದ ಪಾಲಿಗೆ ಅದು ಒಂದು ದಿಗಂತದಲ್ಲಿ ಉದಯಿಸಿ ಇನ್ನೊಂದು ದಿಗಂತದಲ್ಲಿ ಅಸ್ತಂಗತವಾಗುವುದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯುತ್ತದೆ; ಕೇಳಬೇಕಾದುದನ್ನು ಅಷ್ಟರಲ್ಲೇ ಕೇಳಬೇಕು, ಹೇಳಬೇಕಾದುದನ್ನು ಅಷ್ಟರಲ್ಲೇ ಹೇಳಬೇಕು, ಆಮೇಲೆ ಧ್ವನಿಯು ಕರಕರ ಶಬ್ದದೊಳಗೆ ಕರಗಿಹೋಗುತ್ತದೆ. ಮುಖವನ್ನು ತೋರಿಸದೆ ಧ್ವನಿಯೊಂದನ್ನೇ ನಿಮ್ಮ ಮನೆಗೆ ಕಳುಹಿಸುವ ಈ ಬಾನುಲಿಯ ಮುಂದೆ ಕುಳಿತಿರುವಾಗ ನನಗೆ ಆ ಹತ್ತು ನಿಮಿಷಗಳ ನೆನಪು ಬರುವುದು ಸಹಜವೇ ಸರಿ.

ಮೇಲಿನಿಂದ ಮಾತನಾಡಿದವರು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ; ಲಖನೌದಲ್ಲಿ ಹುಟ್ಟಿದವರು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು, ನಮ್ಮದೇ ರಾಕೆಟ್ಟಿನಲ್ಲಿ ನಮ್ಮವರನ್ನು ಕೊಂಡೊಯ್ಯಲಿರುವ ಗಗನಯಾನಕ್ಕೆಂದು ಇಸ್ರೋ ಆರಿಸಿಕೊಂಡಿರುವ ನಾಲ್ವರು ವೈಮಾನಿಕರಲ್ಲಿ ಒಬ್ಬರು. ಅವರು ಮೇಲೇರಿದ ರಾಕೆಟ್ಟು ನಮ್ಮದಲ್ಲ. ಅದು ಮಿತ್ರರಾಷ್ಟ್ರವೊಂದರ ಸರ್ಕಾರದ್ದೂ ಅಲ್ಲ. ರಾಕೆಟ್ಟೂ ನೌಕೆಯೂ ಸ್ಪೇಸ್‌ಎಕ್ಸ್ ಎಂಬ ಕಂಪನಿಯ ಸ್ವತ್ತು; ಯಾತ್ರೆಯನ್ನು ಏರ್ಪಡಿಸಿದ್ದು ಹ್ಯೂಸ್ಟನ್ ನಗರದ ಆಕ್ಸಿಯಮ್ ಸ್ಪೇಸ್ ಎಂಬ ಇನ್ನೊಂದು ಕಂಪನಿ; ಭಾರತವು ಅದರಲ್ಲಿ ಒಂದು ಆಸನವನ್ನು ಬೆಲೆ ತೆತ್ತು ಪಡೆಯಿತು. ಆ ಬೆಲೆ ಸುಮಾರು 550 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಅದನ್ನೋದಿದ ನನ್ನ ವೃದ್ಧ ಮಿತ್ರರೊಬ್ಬರು, "ದುಡ್ಡು ಕೊಟ್ಟು ಬಸ್ಸಿನಲ್ಲಿ ಕುಳಿತು ಹೋಗಿ ಬಂದವನಿಗೆ ಊರಿನವರು ಹಾರ ಹಾಕುವುದುಂಟೇನಯ್ಯ?" ಎಂದು ನನ್ನನ್ನು ಕೇಳಿದರು. ಅವರ ಪ್ರಶ್ನೆಯಲ್ಲಿ ಅಸೂಯೆಯಿರಲಿಲ್ಲ, ನಿಜವಾದ ಸಂದೇಹವಿತ್ತು. ಈ ದಿನದ ಭಾಷಣವು ಅವರಿಗೆ ನಾನು ಕೊಡಬೇಕಾಗಿರುವ ಉತ್ತರವೆಂದು ತಾವು ಭಾವಿಸಬಹುದು.

ಹಣ ತೆತ್ತು ಅಂತರಿಕ್ಷಕ್ಕೆ ಹೋಗುವ ಪದ್ಧತಿಯ ಆರಂಭದಲ್ಲಿಯೇ ಬಾನುಲಿಯ ಬಂಧುವೊಬ್ಬನು ನಿಂತಿರುವನೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1990ನೆಯ ಡಿಸೆಂಬರ್ 2ರಂದು ಜಪಾನಿನ ಟಿಬಿಎಸ್ ಎಂಬ ಪ್ರಸಾರಸಂಸ್ಥೆಯು ಸೋವಿಯತ್ ಒಕ್ಕೂಟಕ್ಕೆ ಹಣವನ್ನು ಸಲ್ಲಿಸಿ, ತನ್ನ ಪತ್ರಕರ್ತನಾದ ತೋಯೋಹಿರೋ ಅಕಿಯಾಮ ಎಂಬಾತನನ್ನು ಸೋಯುಜ್ ನೌಕೆಯಲ್ಲಿ ಮೀರ್ ನಿಲ್ದಾಣಕ್ಕೆ ಕಳುಹಿಸಿಕೊಟ್ಟಿತು. ಆತನು ಸುಮಾರು ಎಂಟು ದಿನ ಅಂತರಿಕ್ಷದಲ್ಲಿದ್ದು, ಅಲ್ಲಿಂದ ತನ್ನ ದೇಶದ ಜನರಿಗೆ ವಾರ್ತೆಯನ್ನು ಪ್ರಸಾರ ಮಾಡಿದನು. ಸಂಗಡ ಕೊಂಡೊಯ್ದಿದ್ದ ಜಪಾನಿನ ಮರಗಪ್ಪೆಗಳು ಭಾರವಿಲ್ಲದ ಲೋಕದಲ್ಲಿ ಹೇಗೆ ವರ್ತಿಸುವುವೆಂಬುದನ್ನೂ ಪರೀಕ್ಷಿಸಿದನು. ಹಿಂದಿರುಗಿದ ಕೆಲವು ವರ್ಷಗಳ ಮೇಲೆ ಆತನು ಉದ್ಯೋಗವನ್ನು ಬಿಟ್ಟು, ಫುಕುಷಿಮಾ ಪ್ರಾಂತದ ಬೆಟ್ಟಸೀಮೆಯಲ್ಲಿ ನೆಲವನ್ನು ಹಿಡಿದು ಬೇಸಾಯಗಾರನಾದನು. ಮಣ್ಣಿನಿಂದ ಅಷ್ಟು ದೂರ ಹೋಗಿ ಬಂದವನು ಮಣ್ಣನ್ನೇ ಆಶ್ರಯಿಸಿದುದು ಏತಕ್ಕೆಂದು ಆತನೇ ಹೇಳಬೇಕು. ನನಗಂತೂ ಆ ವೃತ್ತಾಂತವನ್ನು ಓದಿದಾಗ ಮನಸ್ಸು ತುಂಬಿಬಂದಿತು.

ತರುವಾಯ 2001ನೆಯ ಏಪ್ರಿಲ್ 28ರಂದು ಅಮೆರಿಕೆಯ ಡೆನ್ನಿಸ್ ಟಿಟೋ ತಮ್ಮ ಅರುವತ್ತನೆಯ ವಯಸ್ಸಿನಲ್ಲಿ, ಸ್ವಂತ ಹಣದಿಂದ, ರಷ್ಯದ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದರು. ಯೌವನದಲ್ಲಿ ಗ್ರಹಗಳತ್ತ ಹೋಗುವ ನೌಕೆಗಳ ಪಥವನ್ನು ಗಣಿಸುವ ಎಂಜಿನಿಯರಾಗಿದ್ದು, ಆ ಮೇಲೆ ಹಣಕಾಸಿನ ವ್ಯವಹಾರದಲ್ಲಿ ಐಶ್ವರ್ಯವಂತರಾದವರು ಅವರು. ನಾಸಾ ಸಂಸ್ಥೆಗೆ ಇದು ಸಮ್ಮತವಿರಲಿಲ್ಲ; ನಿಲ್ದಾಣದ ಅಮೆರಿಕನ್ ಭಾಗದೊಳಗೆ ಅವರು ಒಬ್ಬರೇ ಸಂಚರಿಸಕೂಡದೆಂದು ಅದು ನಿಬಂಧನೆಯನ್ನು ಹಾಕಿತ್ತು. ಆದರೆ ಕಾಲಚಕ್ರವು ಹೇಗೆ ತಿರುಗಿತೆಂಬುದನ್ನು ನೋಡಿರಿ. 2011ರ ಜುಲೈಯಲ್ಲಿ ಅಮೆರಿಕೆಯ ಸ್ಪೇಸ್ ಷಟಲ್ ತನ್ನ ಕಡೆಯ ಯಾತ್ರೆಯನ್ನು ಮುಗಿಸಿದ ಬಳಿಕ, 2020ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್ ಕಂಪನಿಯ ನೌಕೆಯು ಇಬ್ಬರನ್ನು ಮೇಲಕ್ಕೊಯ್ಯುವವರೆಗೆ, ಹೆಚ್ಚುಕಡಿಮೆ ಒಂಬತ್ತು ವರ್ಷಗಳ ಕಾಲ, ಚಂದ್ರನ ಮೇಲೆ ಹೆಜ್ಜೆಯಿಟ್ಟ ಆ ದೊಡ್ಡ ರಾಷ್ಟ್ರವೇ ತನ್ನ ಗಗನಯಾತ್ರಿಗಳಿಗಾಗಿ ರಷ್ಯದ ಸೋಯುಜ್ ನೌಕೆಯಲ್ಲಿ ಆಸನಗಳನ್ನು ಬೆಲೆ ಕೊಟ್ಟು ಕೊಳ್ಳಬೇಕಾಯಿತು. ಹಾಗೆ ಹೋಗಿಬಂದ ಅಮೆರಿಕನ್ನರ ಕೆಲಸವು ಬೆಲೆ ತೆತ್ತ ಕಾರಣದಿಂದ ಕೀಳಾಯಿತೆಂದು ಯಾರೂ ಹೇಳಿದುದಿಲ್ಲ. ನನ್ನ ಮಿತ್ರರಿಗೆ ನಾನು ಮೊದಲು ನೆನಪಿಸುವುದು ಈ ಸಂಗತಿಯನ್ನು.

ಈಗ ನಡೆಯುತ್ತಿರುವ ಅಲ್ಪಾವಧಿಯ ಖಾಸಗಿ ಯಾತ್ರೆಗಳು ಈ ಪರಂಪರೆಯ ಮುಂದಿನ ಮಜಲು. 2021ರ ಸೆಪ್ಟೆಂಬರಿನಲ್ಲಿ ನಾಲ್ವರು ಮೂರು ದಿನಗಳ ಕಾಲ, ಯಾವ ನಿಲ್ದಾಣವನ್ನೂ ಸೇರದೆ, ಕೇವಲ ಭೂಮಿಯನ್ನು ಪ್ರದಕ್ಷಿಣೆ ಮಾಡಿ ಬಂದರು. ಅವರಲ್ಲಿ ಯಾರೂ ವೃತ್ತಿಯಿಂದ ಗಗನಯಾತ್ರಿಗಳಲ್ಲ. ಅವರೊಳಗೊಬ್ಬಳಾದ ಹೇಲಿ ಆರ್ಸೆನೋ ಬಾಲ್ಯದಲ್ಲಿ ಮೂಳೆಯ ಕ್ಯಾನ್ಸರಿಗೆ ತುತ್ತಾಗಿ ಚಿಕಿತ್ಸೆಯಿಂದ ಬದುಕಿದವಳು. ತನ್ನನ್ನು ಉಳಿಸಿದ ಆಸ್ಪತ್ರೆಯಲ್ಲಿಯೇ ಬೆಳೆದ ಮೇಲೆ ಸೇವೆಗೆ ಸೇರಿದವಳು. ಕಾಲಿನಲ್ಲಿ ಕೃತಕ ಮೂಳೆಯನ್ನು ಹೊತ್ತವಳು. ಹಳೆಯ ನಿಯಮಗಳ ಪ್ರಕಾರ ಆಕೆ ದೇಹಪರೀಕ್ಷೆಯ ಹೊಸ್ತಿಲನ್ನೇ ದಾಟುತ್ತಿರಲಿಲ್ಲ. ಮರುವರ್ಷದ ಏಪ್ರಿಲ್ 8ರಂದು ಆಕ್ಸಿಯಮ್ ಕಂಪನಿಯ ಪ್ರಥಮ ಯಾತ್ರೆಯು ನಿಲ್ದಾಣಕ್ಕೆ ಹೊರಟಿತು. ಅದರಲ್ಲಿ ತಮ್ಮ ಹಣದಿಂದ ಹೋದ ಮೂವರಲ್ಲಿ ಇಸ್ರೇಲಿನ ಎಯ್ತಾನ್ ಸ್ತಿಬ್ಬೆ ಒಬ್ಬರು. ಈತನು ಇಲಾನ್ ರಮೋನ್ ಎಂಬ ಯುದ್ಧವೈಮಾನಿಕನ ಆಪ್ತಮಿತ್ರ. ಆ ರಮೋನನಾದರೋ, 2003ನೆಯ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯು ಆಕಾಶದಲ್ಲಿ ಚೂರುಚೂರಾದಾಗ ನಮ್ಮ ಕಲ್ಪನಾ ಚಾವ್ಲಾಳೊಡನೆ ಪ್ರಾಣವನ್ನು ನೀಗಿದ ಏಳು ಮಂದಿಯಲ್ಲೊಬ್ಬನು. ರಮೋನನು ಬರೆದಿಟ್ಟಿದ್ದ ದಿನಚರಿಯ ಕೆಲವು ಹಾಳೆಗಳು ಆ ಬೆಂಕಿಯನ್ನೂ ಪತನವನ್ನೂ ದಾಟಿ ಟೆಕ್ಸಾಸಿನ ನೆಲದ ಮೇಲೆ ದೊರೆತಿದ್ದವು. ಸ್ತಿಬ್ಬೆ ಅವುಗಳಲ್ಲಿ ಕೆಲವನ್ನು ತನ್ನೊಡನೆ ಮತ್ತೆ ಮೇಲಕ್ಕೆ ಕೊಂಡೊಯ್ದನು. ಶ್ರೀಮಂತನೊಬ್ಬನು ವಿನೋದಕ್ಕಾಗಿ ಸುತ್ತಿ ಬಂದನೆಂದು ಹೇಳಿಬಿಡುವುದು ಸುಲಭ. ಸತ್ತ ಗೆಳೆಯನ ಕೈಬರಹವನ್ನು ಅವನು ತಲಪಿದ್ದ ಎತ್ತರಕ್ಕೆ ಮರಳಿ ಒಯ್ಯುವವನನ್ನು ಹಾಗೆನ್ನಲು ನನಗೆ ನಾಲಗೆ ಬಾರದು.

ಅದೇ ಯಾತ್ರೆಯಿಂದ ಇನ್ನೊಂದು ಪಾಠವೂ ದೊರೆಯಿತು. ಸಮಯ ಅಲ್ಪ, ಬೆಲೆ ಅಪಾರ. ಆದ್ದರಿಂದ ಪ್ರತಿ ಗಳಿಗೆಗೂ ಒಂದು ಕೆಲಸವನ್ನು ಜೋಡಿಸಿದ್ದರು. ಆದರೆ ಭಾರವಿಲ್ಲದ ಸ್ಥಿತಿಗೆ ಹೊಸಬನಾದ ಮನುಷ್ಯನಿಗೆ ಮೊದಲ ಎರಡು ಮೂರು ದಿನ ರಕ್ತವು ತಲೆಗೇರಿದಂತಾಗಿ ಮುಖ ಊದುತ್ತದೆ, ಹೊಟ್ಟೆ ತೊಳಸುತ್ತದೆ, ಇಟ್ಟ ವಸ್ತು ಇಟ್ಟಲ್ಲಿರುವುದಿಲ್ಲ. ಮೊದಮೊದಲು ಹಾಕಿಕೊಂಡ ಕಾರ್ಯಕ್ರಮವು ಮಿತಿಮೀರಿದ್ದಿತೆಂದು ಆ ತಂಡದವರೇ ಹಿಂದಿರುಗಿ ಬಂದು ಒಪ್ಪಿಕೊಂಡರು. ಈಗ ನಾಸಾದ ನಿಯಮದಂತೆ ಇಂಥ ಯಾತ್ರೆಗಳಿಗೆ ಅನುಭವಸ್ಥನಾದ ಮಾಜಿ ಗಗನಯಾತ್ರಿಯೊಬ್ಬನು ನಾಯಕನಾಗಿರತಕ್ಕದ್ದು. ನಮ್ಮ ಶುಕ್ಲಾ ಹೋದ ನಾಲ್ಕನೆಯ ಆಕ್ಸಿಯಮ್ ಯಾತ್ರೆಗೆ ಪೆಗ್ಗಿ ವಿಟ್ಸನ್ ನಾಯಕಿ. ಅಯೋವಾ ರಾಜ್ಯದ ರೈತರ ಮಗಳು. ಅಂತರಿಕ್ಷದಲ್ಲಿ ಒಟ್ಟು 695 ದಿನಗಳನ್ನು ಕಳೆದು ಅಮೆರಿಕನ್ನರಲ್ಲೆಲ್ಲ ಅಗ್ರಗಣ್ಯಳಾದವಳು. 2002ರಲ್ಲಿಯೇ ನಿಲ್ದಾಣದೊಳಗೆ ಸೋಯಾ ಅವರೆಯ ಗಿಡಗಳನ್ನು ನೋಡಿಕೊಂಡವಳು. ಮೊಳಕೆಯ ಪ್ರಯೋಗಕ್ಕೆಂದು ಬೀಜವನ್ನು ಕೈಯಲ್ಲಿ ಹಿಡಿದು ಹೊರಟಿದ್ದ ನಮ್ಮವನಿಗೆ ಇದಕ್ಕಿಂತ ತಕ್ಕ ಹಿರಿಯಳು ದೊರೆಯುವುದು ಸಾಧ್ಯವಿರಲಿಲ್ಲ.

ಆ ನೌಕೆಯಲ್ಲಿದ್ದ ಉಳಿದಿಬ್ಬರು ಪೋಲೆಂಡಿನ ಸ್ವಾವೋಶ್ ಉಝ್ನಾನ್ಸ್ಕಿ ವಿಶ್ನೆವ್ಸ್ಕಿ ಮತ್ತು ಹಂಗೆರಿಯ ತಿಬೋರ್ ಕಪು. ಪೋಲೆಂಡಿನಿಂದ 1978ರಲ್ಲಿ ಒಬ್ಬರು, ಹಂಗೆರಿಯಿಂದ 1980ರಲ್ಲಿ ಒಬ್ಬರು, ಭಾರತದಿಂದ 1984ರಲ್ಲಿ ರಾಕೇಶ್ ಶರ್ಮ, ಹೀಗೆ ಮೂರು ದೇಶಗಳ ಪ್ರಥಮ ಯಾತ್ರಿಗಳೂ ಸೋವಿಯತ್ ನೌಕೆಯಲ್ಲಿ, ಸೋವಿಯತ್ ನಿಲ್ದಾಣಕ್ಕೆ, ಅತಿಥಿಗಳಾಗಿ ಹೋಗಿದ್ದವರು. ನಾಲ್ಕು ದಶಕಗಳಾಚೆಗೆ ಆ ಮೂರು ದೇಶಗಳೇ, ಯಾರ ಅತಿಥಿಗಳೂ ಆಗದೆ, ತಮ್ಮ ತಮ್ಮ ಬೊಕ್ಕಸದಿಂದ ಹಣವೆತ್ತಿ ಒಂದೇ ನೌಕೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತವು. ಆತಿಥ್ಯವು ದೊಡ್ಡದು, ಅಂದು ರಾಕೇಶ್ ಶರ್ಮರನ್ನು ಕರೆದೊಯ್ದ ಸ್ನೇಹವನ್ನು ನಾವು ಮರೆಯಲಾಗದು. ಆದರೆ ಅತಿಥಿಯಾದವನು ಬಡಿಸಿದುದನ್ನು ಉಣ್ಣಬೇಕು, ಹಾಸಿದ ಕಡೆ ಮಲಗಬೇಕು. ಬೆಲೆ ತೆತ್ತವನಿಗೆ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಳ್ಳುವ ಅಧಿಕಾರವುಂಟು. ಇಸ್ರೋ ಈ ಅಧಿಕಾರವನ್ನು ಬಳಸಿಕೊಂಡು, ಭಾರತದ ಪ್ರಯೋಗಶಾಲೆಗಳಿಂದಲೇ ಏಳು ಪ್ರಯೋಗಗಳನ್ನು ಆರಿಸಿ ಕಳುಹಿಸಿತು.

ಹೊರಡುವುದು ಸುಲಭವಾಗಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಆಗಬೇಕಾಗಿದ್ದ ಉಡ್ಡಯನವು ಹವೆಯಿಂದಲೂ, ರಾಕೆಟ್ಟಿನಲ್ಲಿ ದ್ರವ ಆಮ್ಲಜನಕವು ಸೋರುತ್ತಿದ್ದುದರಿಂದಲೂ, ಆ ಬಳಿಕ ನಿಲ್ದಾಣದ ರಷ್ಯನ್ ಭಾಗದಲ್ಲಿ ಕಂಡ ಗಾಳಿಯ ಸೋರಿಕೆಯಿಂದಲೂ ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. ಯಾವ ರೋಗವೂ ಅಂಟದಿರಲೆಂದು ನಾಲ್ವರೂ ಒಂದು ತಿಂಗಳ ಕಾಲ ಜನಸಂಪರ್ಕವಿಲ್ಲದೆ ಕಾದರು. ಕಡೆಗೆ ಜೂನ್ 25ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ, ಫ್ಲಾರಿಡಾದಲ್ಲಿ ಇನ್ನೂ ನಡುರಾತ್ರಿ ಕಳೆದ ಕತ್ತಲಿರುವಾಗ, 1969ರಲ್ಲಿ ಚಂದ್ರಯಾತ್ರಿಗಳನ್ನು ಕಳುಹಿಸಿದ್ದ ಆ 39ಎ ಕಟ್ಟೆಯಿಂದಲೇ 70 ಮೀಟರ್ ಎತ್ತರದ ಫಾಲ್ಕನ್ ರಾಕೆಟ್ಟು ಮೇಲೆದ್ದಿತು. ಹೊಚ್ಚ ಹೊಸದಾಗಿದ್ದ ಆ ನೌಕೆಗೆ ಯಾತ್ರಿಗಳು ಗ್ರೇಸ್, ಎಂದರೆ ಅನುಗ್ರಹ, ಎಂದು ಹೆಸರಿಟ್ಟರು. ಭಾರ ಕಳೆಯಿತೆಂಬುದಕ್ಕೆ ಕುರುಹಾಗಿ ಒಳಗೆ ಒಂದು ಹಂಸದ ಬೊಂಬೆಯನ್ನು ತೂಗುಬಿಟ್ಟಿದ್ದರು. ಎಂಜಿನ್ನುಗಳು ನಿಂತೊಡನೆ ಅದು ಗಾಳಿಯಲ್ಲಿ ತೇಲಿತು. ಸರಸ್ವತಿಯ ವಾಹನವೆಂದು, ನೀರಿನಿಂದ ಹಾಲನ್ನು ಬೇರ್ಪಡಿಸುವ ವಿವೇಕದ ಸಂಕೇತವೆಂದು, ಶುಕ್ಲಾ ಆ ಹಂಸದ ಅರ್ಥವನ್ನು ಭೂಮಿಯವರಿಗೆ ವಿವರಿಸಿದರು. ನಡೆಯುವುದನ್ನೂ ಉಣ್ಣುವುದನ್ನೂ ತಾನು ಎಳೆಯ ಮಗುವಿನಂತೆ ಹೊಸದಾಗಿ ಕಲಿಯುತ್ತಿರುವೆನೆಂಬ ಅರ್ಥದ ಮಾತನ್ನೂ ಆಡಿದರು.

ಇನ್ನು ಬೀಜದ ವಿಷಯ. ಇದನ್ನು ಹೇಳುವುದಕ್ಕಾಗಿಯೇ ನಾನು ಇಷ್ಟು ದೂರ ಬಂದೆನೆಂದರೂ ಸಲ್ಲುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರೂ ಅದೇ ಊರಿನ ಐಐಟಿಯವರೂ ಕೂಡಿ, ಹೆಸರುಕಾಳು ಮತ್ತು ಮೆಂತ್ಯಕಾಳುಗಳನ್ನು ಶುಕ್ಲಾರ ಸಂಗಡ ಕಳುಹಿಸಿದ್ದರು. ನಿಲ್ದಾಣದೊಳಗೆ ಅವುಗಳಿಗೆ ನೀರುಣಿಸಿ ಮೊಳಕೆ ಬರಿಸುವುದು ಪ್ರಯೋಗ. ನಮ್ಮ ಮನೆಗಳಲ್ಲಿ ತಾಯಂದಿರು ಹೆಸರುಕಾಳನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಒದ್ದೆಬಟ್ಟೆಯಲ್ಲಿ ಗಂಟುಕಟ್ಟಿ ಮೂಲೆಯಲ್ಲಿಟ್ಟು, ಮರುದಿನ ಬಿಚ್ಚಿದಾಗ ಬೆಳ್ಳನೆಯ ಮೊಳಕೆಗಳು ಇಣುಕುವುದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಮಣ್ಣು ಬೇಡ, ಬಿಸಿಲು ಬೇಡ, ಒಲೆ ಬೇಡ; ಒಂದು ಹಿಡಿ ಕಾಳು, ಒಂದಿಷ್ಟು ನೀರು, ಎರಡು ದಿನಗಳ ತಾಳ್ಮೆ ಸಾಕು. ತಿಂಗಳುಗಟ್ಟಲೆ ನೆಲವನ್ನು ಕಾಣದೆ ಸಾಗಬೇಕಾದ ನಾಳಿನ ಯಾತ್ರಿಕನಿಗೆ ಹಸಿಯಾದ, ಸಜೀವವಾದ ಆಹಾರವನ್ನು ಒದಗಿಸಲು ಇದಕ್ಕಿಂತ ಸುಲಭವಾದ ಉಪಾಯವುಂಟೆ?

ಆದರೆ ಕಾಳಿಗೆ ಅಲ್ಲಿ ಒಂದು ವಿಲಕ್ಷಣವಾದ ಸಂಕಟವಿದೆ. ಭೂಮಿಯಲ್ಲಿ ಬೀಜವನ್ನು ಹೇಗೆ ಹಾಕಿದರೂ, ತಲೆಕೆಳಗಾಗಿ ಹಾಕಿದರೂ, ಬೇರು ಕೆಳಕ್ಕೇ ಇಳಿಯುತ್ತದೆ, ಚಿಗುರು ಮೇಲಕ್ಕೇ ಏರುತ್ತದೆ. ಕೆಳಗು ಯಾವುದೆಂದು ಬೇರಿಗೆ ತಿಳಿಸುವವರು ಯಾರು? ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಸಣ್ಣ ಕಣಗಳಿವೆ. ಭಾರವಾದ ಆ ಕಣಗಳು, ಹರಿವಾಣದಲ್ಲಿ ಅಕ್ಕಿಯ ನುಚ್ಚು ತಳಕ್ಕೆ ಕೂರುವಂತೆ, ಕೋಶದ ತಳಕ್ಕೆ ಕುಳಿತುಕೊಳ್ಳುತ್ತವೆ. ಅವು ಕುಳಿತ ಕಡೆಯೇ ಕೆಳಗೆಂದು ಬೇರು ಅರಿಯುತ್ತದೆ. ನಿಲ್ದಾಣದ ಎತ್ತರದಲ್ಲಿ ಭೂಮಿಯ ಆಕರ್ಷಣೆಯೇನೂ ಇಲ್ಲವಾಗಿಲ್ಲ, ನೆಲದ ಮೇಲಿರುವುದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿಯೂ ಇದೆ. ಆದರೆ ನಿಲ್ದಾಣವೂ ಅದರೊಳಗಿನ ಸಕಲವೂ ಏಕಕಾಲದಲ್ಲಿ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ, ಯಾವುದೂ ಯಾವುದರ ಮೇಲೂ ಕೂರದು. ಪಿಷ್ಟದ ಕಣಗಳೂ ಕೂರವು. ಬೇರು ದಿಕ್ಕುಗಾಣದಾಗುತ್ತದೆ. ಎರೆದ ನೀರು ಇಳಿದುಹೋಗದೆ ಗೋಲವಾಗಿ ಕಾಳಿಗೇ ಅಂಟಿಕೊಳ್ಳುತ್ತದೆ. ಅಂಥ ಸ್ಥಿತಿಯಲ್ಲಿಯೂ ನಮ್ಮ ಹೆಸರೂ ಮೆಂತ್ಯವೂ ಮೊಳೆತವು. ಶುಕ್ಲಾ ಅವುಗಳ ಚಿತ್ರಗಳನ್ನು ತೆಗೆದು, ಮೊಳಕೆಗಳನ್ನು ಶೀತಲ ಪೆಟ್ಟಿಗೆಯಲ್ಲಿರಿಸಿದರು. ಅವುಗಳ ವಂಶಗುಣಗಳಲ್ಲಿ, ಅವುಗಳನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳಲ್ಲಿ, ಅವುಗಳ ಪೌಷ್ಟಿಕತೆಯಲ್ಲಿ ಏನು ವ್ಯತ್ಯಾಸವಾಗಿದೆಯೆಂದು ಪರೀಕ್ಷಿಸುವುದು ಧಾರವಾಡದ ವಿಜ್ಞಾನಿಗಳ ಉದ್ದೇಶ. ಬೆಂಗಳೂರಿನ ವಿಜ್ಞಾನ ಸಂಸ್ಥೆಯು ನೀರುಕರಡಿಯೆಂಬ, ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಒಣಗಿ ವರ್ಷಗಳ ಬಳಿಕವೂ ಚೇತರಿಸಿಕೊಳ್ಳಬಲ್ಲ ಜೀವಿಯನ್ನು ಕಳುಹಿಸಿತ್ತು; ಇನ್ನೊಂದು ಸಂಸ್ಥೆಯವರು ಸ್ನಾಯುಗಳು ಕ್ಷಯಿಸುವ ಕಾರಣವನ್ನು ಹುಡುಕುತ್ತಿದ್ದರು. ಅವನ್ನೆಲ್ಲ ವಿವರಿಸಲು ಬೇರೊಂದು ಭಾಷಣವೇ ಬೇಕು. ಶುಕ್ಲಾ ಸಹಯಾತ್ರಿಗಳಿಗೆಂದು ಕಟ್ಟಿಸಿಕೊಂಡು ಹೋಗಿದ್ದ ತಿಂಡಿಗಳಲ್ಲಿ ಹೆಸರುಬೇಳೆಯ ಹಲ್ವವೂ ಇತ್ತೆಂಬುದನ್ನು ಮಾತ್ರ ಹೇಳದೆ ಬಿಡಲಾರೆ. ಒಂದೇ ಧಾನ್ಯವು ಒಬ್ಬನೇ ಯಾತ್ರಿಯ ಗಂಟಿನಲ್ಲಿ ಪ್ರಸಾದವಾಗಿಯೂ ಪ್ರಯೋಗವಾಗಿಯೂ ಹೋಯಿತಷ್ಟೆ.

ನನ್ನ ಮಿತ್ರರ ಬಸ್ಸಿನ ಉಪಮೆಗೆ ನನಗೆ ಇಲ್ಲಿ ಉತ್ತರ ದೊರೆಯುತ್ತದೆ. ಹಿಂದೆ ನಮ್ಮ ಊರುಗಳಿಂದ ಯಾರಾದರೂ ಕಾಶಿಗೆ ಹೊರಟರೆ, ಹೋಗಲಾರದವರೆಲ್ಲ ಅವರ ಕೈಯಲ್ಲಿ ಕಾಣಿಕೆಯನ್ನಿತ್ತು ಕಳುಹಿಸುತ್ತಿದ್ದರು. ಅವರು ಬೆಸುಗೆ ಹಾಕಿದ ಗಿಂಡಿಯಲ್ಲಿ ಗಂಗೆಯನ್ನು ತಂದು, ಸಮಾರಾಧನೆ ಮಾಡಿ, ಮನೆಮನೆಗೂ ಹಂಚುತ್ತಿದ್ದರು. ಊರವರು ಅವರ ಕಾಲಿಗೆರಗುತ್ತಿದ್ದರು. ಆ ಯಾತ್ರಿಕನೂ ರೈಲಿಗೆ ಟಿಕೆಟ್ಟನ್ನು ಕೊಂಡೇ ಹೋದವನು. ನಮಸ್ಕಾರವು ಟಿಕೆಟ್ಟಿಗೆ ಸಂದದ್ದಲ್ಲ, ಎಲ್ಲರ ಪರವಾಗಿ ಹೊತ್ತು ಹೋದದ್ದಕ್ಕೂ ಎಲ್ಲರ ಪಾಲಿಗೆ ತಂದದ್ದಕ್ಕೂ ಸಂದದ್ದು. ಗಗನ'ಯಾತ್ರಿ' ಎಂದು ನಮ್ಮ ಜನ ಹೆಸರಿಟ್ಟಾಗ ಆ ಶಬ್ದದಲ್ಲಿ ಈ ಅರ್ಥವೂ ಬಂದು ಸೇರಿಕೊಂಡಿತೆಂದು ನಾನು ನಂಬುತ್ತೇನೆ.

ಹಾಗೆಂದು ನನಗೆ ಕಳವಳವೇ ಇಲ್ಲವೆಂದಲ್ಲ. ಒಂದು ಆಸನದ ಬೆಲೆಯಲ್ಲಿ ಎಷ್ಟು ಶಾಲೆಗಳ ಮಾಡು ಸೋರುವುದನ್ನು ನಿಲ್ಲಿಸಬಹುದೆಂಬ ಲೆಕ್ಕ ನನಗೂ ಬರುತ್ತದೆ. ಮಾರುವವನ ಬಳಿ ಕೊಳ್ಳುವವನು ಎಂದೆಂದಿಗೂ ಕೊಳ್ಳುವವನಾಗಿಯೇ ಉಳಿದರೆ, ಆ ವ್ಯಾಪಾರವು ಪರಾಧೀನತೆಯಾಗುತ್ತದೆ. ಮಾರುವವನಾದರೋ ಒಬ್ಬನೇ ಇದ್ದು, ನಾಳೆ ಅವನ ಮನಸ್ಸೋ ಅವನ ಸರ್ಕಾರದ ಮನಸ್ಸೋ ತಿರುಗಿದರೆ, ಹಣವಿದ್ದೂ ಬಾಗಿಲು ತೆರೆಯದು. ಬೆಂಗಳೂರಿನಲ್ಲಿಯೇ ಇರುವ ಇಸ್ರೋದ ಮಾನವ ಅಂತರಿಕ್ಷಯಾನ ಕೇಂದ್ರದವರು ಸಿದ್ಧಪಡಿಸುತ್ತಿರುವ ಗಗನಯಾನವು ಆದಷ್ಟು ಬೇಗ, ಆದರೆ ಅವಸರವಿಲ್ಲದೆ, ನಮ್ಮ ರಾಕೆಟ್ಟಿನಲ್ಲಿ ನಮ್ಮವರನ್ನು ಕೊಂಡೊಯ್ಯಬೇಕೆಂದು ನಾನು ಮನಃಪೂರ್ವಕವಾಗಿ ಹಾರೈಸುವುದು ಈ ಕಾರಣದಿಂದಲೇ. ಪರರ ನೌಕೆಯಲ್ಲಿ ಇಪ್ಪತ್ತು ದಿನ ಕಳೆದು ಬಂದವನ ಕೈಗೂ ಕಣ್ಣಿಗೂ ಅಂಟಿದ ಅನುಭವವು ಆ ಸಿದ್ಧತೆಯೊಳಗೆ ಸೇರಿಕೊಳ್ಳುತ್ತದೆ. ಯಾವ ಗ್ರಂಥದಿಂದಲೂ ಅದನ್ನು ಎರವಲು ಪಡೆಯಲಾಗದು.

ಜುಲೈ 14ರಂದು ಗ್ರೇಸ್ ನೌಕೆಯು ನಿಲ್ದಾಣದಿಂದ ಬಿಡಿಸಿಕೊಂಡಿತು. ಹೆಚ್ಚುಕಡಿಮೆ ಇಪ್ಪತ್ತೆರಡು ಗಂಟೆಗಳ ತರುವಾಯ, ನಮ್ಮಲ್ಲಿ 15ನೆಯ ತಾರೀಖಿನ ಅಪರಾಹ್ನ, ಅದು ವಾಯುಮಂಡಲವನ್ನು ಹೊಕ್ಕಿತು. ಹೊಕ್ಕ ವೇಗಕ್ಕೆ ಮುಂದಿನ ಗಾಳಿ ಕಾದು ಉರಿಯಾಗಿ, ನೌಕೆಯನ್ನು ವಿದ್ಯುತ್ಕಣಗಳ ಹೊದಿಕೆಯು ಸುತ್ತಿಕೊಳ್ಳುತ್ತದೆ. ಆ ಹೊದಿಕೆಯನ್ನು ರೇಡಿಯೋ ಅಲೆಗಳು ಭೇದಿಸಲಾರವು. ಕೆಲವು ನಿಮಿಷಗಳ ಕಾಲ ಕರೆಯಿಲ್ಲ, ಓಗೊಡುವವರಿಲ್ಲ. ಧ್ವನಿಯಿಂದಲೇ ಜೀವಿಸುವ ನಮ್ಮಂಥವರಿಗೆ ಅಂಥ ಮೌನದ ಭಾರವು ಚೆನ್ನಾಗಿ ತಿಳಿಯುತ್ತದೆ; ಕೊಲಂಬಿಯಾ ನೌಕೆಯು ಇಂಥ ಅವರೋಹಣದಲ್ಲಿಯೇ ಮೌನವಾದದ್ದೆಂಬುದನ್ನು ಮರೆಯದವರಿಗೆ ಇನ್ನೂ ಚೆನ್ನಾಗಿ. ಆ ಮೌನವು ಕಳೆದು ಧ್ವನಿಯು ಮರಳಿತು, ಪ್ಯಾರಾಚೂಟುಗಳು ಬಿಚ್ಚಿಕೊಂಡವು, ಮಧ್ಯಾಹ್ನ 3 ಗಂಟೆ 1 ನಿಮಿಷಕ್ಕೆ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿಯ ಕತ್ತಲ ಕಡಲಿನಲ್ಲಿ ನೌಕೆಯು ತೇಲಿತು. ಹಡಗಿನವರು ಅದನ್ನೆತ್ತಿ ಬಾಗಿಲನ್ನು ತೆರೆದಾಗ, ಶುಕ್ಲಾ ನಗುನಗುತ್ತ ಹೊರಕ್ಕೆ ಬಂದು, ಎರಡು ಕಡೆಯಲ್ಲಿ ಹಿಡಿದುಕೊಂಡವರ ಆಸರೆಯಲ್ಲಿ, ಇಪ್ಪತ್ತು ದಿನಗಳಿಂದ ಕಾಣದಿದ್ದ ತಮ್ಮ ಭಾರವನ್ನು ಕಾಲುಗಳ ಮೇಲೆ ಹೊತ್ತು ನಿಂತರು.